ಚೆಂಡು ದಾಟಿಸಿದ ಕೈ

ಗೆಲುವಿನ ಅಂಕ ಗಳಿಸಿದವನ ಹೆಸರನ್ನು ಲೋಕ ಕೂಗುತ್ತದೆ. ಚೆಂಡನ್ನು ಅವನ ಕೈಗೆ ದಾಟಿಸಿದವನನ್ನು ಕೇಳುವವರು ಕಡಿಮೆ. ಬಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡನ್ನು ಪುಟಿಸುತ್ತ ಮುಂದೊಯ್ದು, ಉಳಿದ ನಾಲ್ವರಲ್ಲಿ ಯಾರಿಗೆ ಯಾವ ಕ್ಷಣದಲ್ಲಿ ಕೊಡಬೇಕೆಂಬುದನ್ನು ನಿರ್ಣಯಿಸುವವನಿಗೆ ‘ಪಾಯಿಂಟ್ ಗಾರ್ಡ್’ ಎಂದು ಹೆಸರು. ಆ ಸ್ಥಾನಕ್ಕೆ ಕೀರ್ತಿ ತಂದವರಲ್ಲಿ ಅಮೆರಿಕದ ಬಾಬ್ ಕೂಸಿಯವರು ಅಗ್ರಗಣ್ಯರು. ಆದರೆ ನಾವು ಇಂದು ಅವರನ್ನು ನೆನೆಯುವುದು ಆಟಕ್ಕಾಗಿ ಮಾತ್ರವಲ್ಲ.

1928ರಲ್ಲಿ ನ್ಯೂಯಾರ್ಕಿನಲ್ಲಿ, ಫ್ರಾನ್ಸಿನಿಂದ ವಲಸೆ ಬಂದ ಬಡ ಕುಟುಂಬದಲ್ಲಿ ಅವರ ಜನನ. ತಂದೆ ಟ್ಯಾಕ್ಸಿ ಚಾಲಕ. ಐದು ವರ್ಷ ತುಂಬುವವರೆಗೆ ಮಗನಿಗೆ ಮನೆಮಾತಾದ ಫ್ರೆಂಚಿನ ಹೊರತು ಬೇರೆ ನುಡಿ ಬಾರದು. ಹದಿಮೂರರಲ್ಲಿ ಮರದಿಂದ ಬಿದ್ದು ಬಲಗೈ ಮುರಿಯಿತು. ಹುಡುಗ ಎಡಗೈಯಿಂದ ಆಡುವುದನ್ನು ಕಲಿತ. 1950ರಲ್ಲಿ ಟೋಪಿಯೊಳಗಿನ ಚೀಟಿ ಎತ್ತಿದಾಗ ಅವರು ಬಾಸ್ಟನ್ ಸೆಲ್ಟಿಕ್ಸ್ ತಂಡದ ಪಾಲಿಗೆ ಬಂದರು; ತರಬೇತುದಾರರಿಗೆ ಅವರು ಬೇಕಾಗಿರಲಿಲ್ಲ. 1963ರಲ್ಲಿ ಅವರು ತಂಡವನ್ನು ಬಿಡುವಷ್ಟರಲ್ಲಿ ಅದು 6 ಬಾರಿ ಚಾಂಪಿಯನ್ ಆಗಿತ್ತು. ಸಹ ಆಟಗಾರರಿಗೆ ಅಂಕ ದೊರಕಿಸುವುದರಲ್ಲಿ ಸತತ 8 ಋತುಗಳ ಕಾಲ ಅವರೇ ಮೊದಲಿಗರು.

ಅಂದಿನ ಆಟಗಾರರಿಗೆ ಕನಿಷ್ಠ ವೇತನವಿರಲಿಲ್ಲ, ಪಿಂಚಣಿಯಿರಲಿಲ್ಲ, ಪ್ರವಾಸದ ದಿನಭತ್ಯೆಯಿರಲಿಲ್ಲ. ಕೂಸಿಯವರು ತಮ್ಮೊಬ್ಬರ ಸಂಬಳವನ್ನು ಕುದುರಿಸಿಕೊಂಡು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ, 1954ರಲ್ಲಿ ಪ್ರತಿ ತಂಡದ ಒಬ್ಬೊಬ್ಬ ಹಿರಿಯ ಆಟಗಾರನಿಗೆ ಪತ್ರ ಬರೆದು ಆಟಗಾರರ ಸಂಘವನ್ನು ಕಟ್ಟಿದರು. ಅದರ ಮೊದಲ ಅಧ್ಯಕ್ಷರಾದರು. ಮಾಲೀಕರು ಮೂರು ವರ್ಷ ಸತಾಯಿಸಿ, ಆಟಗಾರರು ದೇಶದ ಕಾರ್ಮಿಕ ಮಹಾಸಂಘವನ್ನು ಸೇರುವರೆಂಬ ಸೂಚನೆ ಕಂಡ ಬಳಿಕ 1957ರಲ್ಲಿ ಮನ್ನಣೆ ಕೊಟ್ಟರು.

ಗಲ್ಲಾದ ಹಿಂದೆ ಕುಳಿತು ಬಂದ ನಮಗೆ, ‘ಸಂಘ’ವೆಂದೊಡನೆ ಮಾಲೀಕ ಏಕೆ ಬೆಚ್ಚುತ್ತಾನೆಂಬುದು ತಿಳಿಯದ ಸಂಗತಿಯಲ್ಲ. ಆದರೆ ಅದೇ 1957ರಲ್ಲಿ ಸೆಲ್ಟಿಕ್ಸ್ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಕೂಸಿಯವರು ವರ್ಷದ ಶ್ರೇಷ್ಠ ಆಟಗಾರರೆನಿಸಿದರು. ನ್ಯಾಯ ಕೇಳಿದವನ ದುಡಿಮೆ ಕುಂದುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ಕಸುಬಿಗೆ ತಲೆತಗ್ಗಿಸುವಂತಹ ಪ್ರಸಂಗವೊಂದೂ ಇದೆ. ಉತ್ತರ ಕ್ಯಾರೊಲಿನಾದಲ್ಲಿ ಒಮ್ಮೆ, ಕಪ್ಪು ವರ್ಣದವರೆಂಬ ಕಾರಣಕ್ಕೆ ಸಹ ಆಟಗಾರ ಚಕ್ ಕೂಪರ್ ಅವರಿಗೆ ತಂಡದವರು ಇಳಿದುಕೊಂಡ ಹೋಟೆಲಿನಲ್ಲಿ ತಾವಿಲ್ಲವಾಯಿತು. ಕೂಸಿಯವರು ತಮಗಿದ್ದ ಹಾಸಿಗೆಯನ್ನು ಬಿಟ್ಟು, ಕೂಪರ್ ಜೊತೆಗೆ ರಾತ್ರಿಯ ರೈಲು ಹತ್ತಿದರು. ಇಷ್ಟಾಗಿಯೂ ಅವರಿಗೆ ಸಮಾಧಾನವಿರಲಿಲ್ಲ. ಸಹ ಆಟಗಾರ ಬಿಲ್ ರಸೆಲ್ ಅವರು ಬಾಸ್ಟನ್ನಿನಲ್ಲಿ ವರ್ಣದ್ವೇಷವನ್ನು ಅನುಭವಿಸುತ್ತಿದ್ದಾಗ ತಾವು ಸಾಕಷ್ಟು ಜೊತೆ ನಿಲ್ಲಲಿಲ್ಲವೆಂದು ಕೊರಗಿ, 2016ರಲ್ಲಿ, ಎಂಬತ್ತು ದಾಟಿದ ಮೇಲೆ, ಅವರಿಗೆ ಪತ್ರ ಬರೆದರು.

ಬಡವನ ಕೋಪ ದವಡೆಗೆ ಮೂಲವೆಂಬ ಗಾದೆ ಒಂಟಿಯಾಗಿ ಸಿಟ್ಟಾಗುವವನಿಗೆ ಸಲ್ಲುತ್ತದೆ. ನಮ್ಮಲ್ಲಿಯೂ ಮುಖ್ಯ ಅಡಿಗೆಯವರ ಮಾತನ್ನು, ಹಿರಿಯ ಗುಮಾಸ್ತರ ಮಾತನ್ನು ಧಣಿಗಳು ಕೇಳುತ್ತಾರೆ. ಆ ಮಾತನ್ನು ತಮ್ಮ ಸಂಬಳಕ್ಕಷ್ಟೇ ವೆಚ್ಚ ಮಾಡಬಾರದು. ಲೋಟ ತೊಳೆಯುವವನ ವಾರದ ರಜೆಗಾಗಿ, ಹೊಸ ಗುಮಾಸ್ತನ ಪ್ರಾವಿಡೆಂಟ್ ಫಂಡಿಗಾಗಿ ಅದನ್ನು ಆಡಬೇಕು. ಚೆಂಡು ಕೈಯಲ್ಲಿರುವಾಗಲೇ ದಾಟಿಸಬೇಕು. ಕೈಬಿಟ್ಟ ಗೆಳೆಯನಿಗೆ ಮುಪ್ಪಿನಲ್ಲಿ ಪತ್ರ ಬರೆಯುವ ಪ್ರಸಂಗ ನಮಗೆ ಬಾರದಿರಲಿ.