ವೇಗದೇವತೆಗೆ ನೈವೇದ್ಯ

ಒಡೆದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂಬುದು ಹಿರಿಯರ ಮಾತು. ಬಿರುಕುಬಿಟ್ಟ ಕನ್ನಡಿ, ಬಾಯಿ ಮುಕ್ಕಾದ ಭರಣಿ, ನಿಂತುಹೋದ ಗಡಿಯಾರ, ಇವೆಲ್ಲ ಅಟ್ಟವನ್ನೇರಬೇಕು. ಇಲ್ಲವೇ ಹಳೆಯ ಸಾಮಾನು ಕೊಳ್ಳುವವನ ತಕ್ಕಡಿಗೆ ಬೀಳಬೇಕು. ಅವನ್ನು ಕಣ್ಣೆದುರಿಗೇ ಸಾಲಾಗಿ ಜೋಡಿಸಿ, ಮೇಲೊಂದು ಬರೆಹವನ್ನೂ ಬರೆದಿಡುವ ಗೃಹಸ್ಥನನ್ನು ಕಂಡರೆ ನೆರೆಹೊರೆಯವರು ಏನೆಂದಾರು?

ಅಂತಹ ಒಬ್ಬನಿದ್ದ. ನ್ಯೂಜೀಲೆಂಡಿನ ದಕ್ಷಿಣ ದ್ವೀಪದ ತೆಂಕಣ ತುದಿಯಲ್ಲಿ ಇನ್ವರ್‌ಕಾರ್ಗಿಲ್ ಎಂಬ ಊರಿದೆ. ಅಲ್ಲಿ ಗ್ಯಾರೇಜಿನಂತಹ ಒಂದು ಚಿಕ್ಕ ಕೊಟ್ಟಿಗೆಯೇ ಆತನ ಕಾರ್ಖಾನೆ. ಬಾಳಿನ ಉತ್ತರಾರ್ಧದಲ್ಲಿ ಆತನ ಮನೆಯೂ ಅದೇ. ಅದರ ಗೋಡೆಗೆ ಹೊಂದಿಸಿದ ಹಲಗೆಯ ಮೇಲೆ ತೂತು ಬಿದ್ದ ಪಿಸ್ಟನ್ನುಗಳು, ತುಂಡಾದ ರಾಡುಗಳು, ಸುಟ್ಟು ಸೊಟ್ಟಗಾದ ಎಂಜಿನಿನ ಭಾಗಗಳು ಸಾಲುಗಟ್ಟಿ ಕುಳಿತಿದ್ದವು. ಅಲ್ಲಿ ಆತ ಬರೆದಿಟ್ಟಿದ್ದ ಮಾತು ಇದು: ‘ವೇಗದ ದೇವರಿಗೆ ಕಾಣಿಕೆಗಳು’. ಆತನ ಹೆಸರು ಬರ್ಟ್ ಮನ್ರೋ.

ಮನ್ರೋ ಹುಟ್ಟಿದ್ದು 1899ರ ಮಾರ್ಚಿ 25ರಂದು. ಬೆಳೆದದ್ದು ಇನ್ವರ್‌ಕಾರ್ಗಿಲಿನ ಸಮೀಪದಲ್ಲಿ ತಂದೆಯ ಜಮೀನಿನಲ್ಲಿ. ಹೊಲದ ಕೆಲಸಕ್ಕಿಂತ ಓಡುವ ವಸ್ತುಗಳ ಮೇಲೆಯೇ ಹುಡುಗನಿಗೆ ಮೋಹ. 1920ರಲ್ಲಿ ಇಪ್ಪತ್ತೊಂದರ ಆ ತರುಣ ಹೊಸ ಮೋಟಾರ್ ಸೈಕಲ್ಲೊಂದನ್ನು ಕೊಂಡ. ಅದರ ಹೆಸರು ‘ಇಂಡಿಯನ್ ಸ್ಕೌಟ್’. ಹೆಸರನ್ನು ಕೇಳಿ ವಾಚಕರು ಅದು ಭಾರತದಲ್ಲಿ ತಯಾರಾದದ್ದೆಂದು ಬಗೆಯಬಾರದು. ಅದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ನಗರದ ಕಾರ್ಖಾನೆಯದು. ಇಲ್ಲಿನ ‘ಇಂಡಿಯನ್’ ಆ ಖಂಡದ ಮೂಲನಿವಾಸಿ. ಎರಡು ಸಿಲಿಂಡರುಗಳ, 600 ಸಿ.ಸಿ. ಗಾತ್ರದ ಆ ವಾಹನದ ಪರಮಾವಧಿ ವೇಗ ಗಂಟೆಗೆ 55 ಮೈಲಿ. ಅಂದಿನ ರಸ್ತೆಗಳಿಗೆ ಅಷ್ಟು ಧಾರಾಳವಾಗಿ ಸಾಕು. ಮನ್ರೋಗೆ ಮಾತ್ರ ಸಾಲಲಿಲ್ಲ. 1926ರಲ್ಲಿ ಆತ ಎಂಜಿನನ್ನು ಬಿಚ್ಚಿದ. ಒಂದರ್ಥದಲ್ಲಿ ಅದನ್ನು ಮತ್ತೆ ಪೂರ್ತಿಯಾಗಿ ಮುಚ್ಚಲೇ ಇಲ್ಲ ಎನ್ನಬೇಕು. ಮುಂದಿನ ಸುಮಾರು ಅರ್ಧ ಶತಮಾನ ಆತ ಅದೇ ವಾಹನವನ್ನು ಬಿಚ್ಚುತ್ತ, ತಿದ್ದುತ್ತ, ಓಡಿಸುತ್ತ, ಒಡೆಯುತ್ತ, ಮತ್ತೆ ಬಿಚ್ಚುತ್ತ ಕಳೆದ.

ಶ್ರೀಮಂತನಾಗಿದ್ದರೆ ಹೊಸ ಭಾಗಗಳನ್ನು ತರಿಸುತ್ತಿದ್ದನೋ ಏನೋ. ಆತ ಮೋಟಾರ್ ಸೈಕಲ್ ಮಾರಾಟ ಮಾಡುವ, ರಿಪೇರಿ ಮಾಡುವ ಸಾಮಾನ್ಯ ನೌಕರ. ಹಗಲು ಪರರ ವಾಹನ, ರಾತ್ರಿ ತನ್ನದು. ಬೇಕಾದ ಭಾಗಗಳನ್ನು ಕೈಯಿಂದಲೇ ಮಾಡಿಕೊಂಡ. ಹಳೆಯ ತಗಡಿನ ಡಬ್ಬಿಗಳನ್ನೇ ಅಚ್ಚಾಗಿಸಿ ಲೋಹವನ್ನು ಕರಗಿಸಿ ಹೊಯ್ದ. ಪಿಸ್ಟನ್ನು, ಸಿಲಿಂಡರು, ಫ್ಲೈವೀಲು, ಎಣ್ಣೆ ಹರಿಯುವ ವ್ಯವಸ್ಥೆ, ಎಲ್ಲವೂ ಮನೆಯಲ್ಲೇ ಆದುವು. ಪಿಸ್ಟನ್ನನ್ನು ಹಿಡಿದಾಡಿಸುವ ಕನೆಕ್ಟಿಂಗ್ ರಾಡುಗಳನ್ನು ಹಳೆಯ ಟ್ರಾಕ್ಟರಿನ ಆಕ್ಸಲಿನ ಉಕ್ಕಿನಿಂದ ಕೈಯಲ್ಲಿ ಕೊರೆದು ತೆಗೆದ. ಸೂಕ್ಷ್ಮವಾದ ಅಳತೆಗೆ ಬೆಲೆಬಾಳುವ ಮೈಕ್ರೋಮೀಟರಿನ ಬದಲು ಚಕ್ರದ ಹಳೆಯ ಸ್ಪೋಕ್ ಕಡ್ಡಿಯೊಂದು ಆತನ ಕೈಯಲ್ಲಿರುತ್ತಿತ್ತು. ಕಾರ್ಖಾನೆಯವರು ಸಿಲಿಂಡರಿನ ಪಕ್ಕದಲ್ಲಿ ಇಟ್ಟಿದ್ದ ವಾಲ್ವುಗಳನ್ನು ಆತ ನೆತ್ತಿಯ ಮೇಲಕ್ಕೆ ಏರಿಸಿದ. ಇದರಿಂದ ಎಂಜಿನು ಗಾಳಿಯನ್ನು ಇನ್ನಷ್ಟು ಸಲೀಸಾಗಿ ಸೇದಿ ಬಿಡುವಂತಾಯಿತು. 600 ಸಿ.ಸಿ. ಗಾತ್ರ ಕ್ರಮೇಣ 950ಕ್ಕೆ ಬೆಳೆಯಿತು.

ಹೀಗೆ ಮಾಡಿದ ಎಂಜಿನು ಒಡೆಯದೆ ಇದ್ದೀತೆ? ಪಿಸ್ಟನ್ನಿನ ಬಾಳನ್ನು ಒಮ್ಮೆ ನೆನೆಯಬೇಕು. ಎಂಜಿನಿನ ಪ್ರತಿ ಸುತ್ತಿನಲ್ಲಿಯೂ ಅದು ಮೇಲೊಮ್ಮೆ, ಕೆಳಗೊಮ್ಮೆ ಪೂರ್ತಿಯಾಗಿ ನಿಂತು ದಿಕ್ಕು ಬದಲಿಸಬೇಕು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನಿನಲ್ಲಿ ಸೆಕೆಂಡಿಗೆ 200 ಬಾರಿ ಈ ನಿಲುಗಡೆ. ಪ್ರತಿ ಸಾರಿಯೂ ಅದನ್ನು ಹಿಡಿದೆಳೆದು ಹಿಂದಕ್ಕಟ್ಟುವ ಭಾರ ರಾಡಿನ ಮೇಲೆ. ಸುತ್ತುಗಳು ಇಮ್ಮಡಿಯಾದರೆ ಆ ಎಳೆತ ನಾಲ್ಮಡಿಯಾಗುತ್ತದೆ. ಕಾರ್ಖಾನೆಯವರು 55 ಮೈಲಿಗೆಂದು ಲೆಕ್ಕ ಹಾಕಿ ಮಾಡಿದ ಎಂಜಿನಿನಿಂದ ಅದರ ಮೂರು ಪಟ್ಟು ವೇಗವನ್ನು ಬೇಡಿದರೆ, ಎಲ್ಲಕ್ಕಿಂತ ದುರ್ಬಲವಾದ ಭಾಗ ಮೊದಲು ಶರಣಾಗುತ್ತದೆ. ಅದನ್ನು ಬಲಪಡಿಸಿದರೆ ಅದರ ನಂತರದ ದುರ್ಬಲ ಭಾಗದ ಸರದಿ.

ಕೊಟ್ಟಿಗೆಯ ಆ ಹಲಗೆಗೆ ಅರ್ಥ ಬರುವುದು ಇಲ್ಲಿಯೇ. ಒಡೆದ ತುಂಡು ಸುಳ್ಳು ಹೇಳುವುದಿಲ್ಲ. ಎಲ್ಲಿ ಬಿರುಕು ಹುಟ್ಟಿತು, ಎಲ್ಲಿ ಎಣ್ಣೆ ತಲುಪಲಿಲ್ಲ, ಎಲ್ಲಿ ಲೋಹ ತೆಳುವಾಯಿತು ಎಂಬುದೆಲ್ಲ ಅದರ ಮೈಮೇಲೆಯೇ ಬರೆದಿರುತ್ತದೆ. ಓದಬಲ್ಲ ಕಣ್ಣಿರಬೇಕು ಅಷ್ಟೆ. ನಾಚಿಕೆಪಟ್ಟು ಬಿಸುಟವನಿಗೆ ಅದೇ ತುಂಡು ಮತ್ತೆ ಒಡೆಯುತ್ತದೆ. ಎತ್ತಿಟ್ಟು ನೋಡಿದವನಿಗೆ ಮುಂದಿನ ಸಾರಿ ಬೇರೆಯದು ಒಡೆಯುತ್ತದೆ. ಇವೆರಡರ ನಡುವಣ ಅಂತರಕ್ಕೇ ಪ್ರಗತಿ ಎಂಬ ಹೆಸರು.

ಆದರೆ ವೇಗದೇವತೆ ಕೇಳಿದ ಕಾಣಿಕೆ ಲೋಹದ ತುಂಡುಗಳು ಮಾತ್ರವೇ ಆಗಿರಲಿಲ್ಲ. ಮನ್ರೋ 1927ರಲ್ಲಿ ಮದುವೆಯಾದ, ನಾಲ್ವರು ಮಕ್ಕಳಾದರು. ರಾತ್ರಿಯೆಲ್ಲ ಅರದ ಸದ್ದು, ಎಣ್ಣೆಯ ವಾಸನೆ, ಮನೆಯೊಡೆಯನ ಮನಸ್ಸೆಲ್ಲ ಕೊಟ್ಟಿಗೆಯಲ್ಲಿ! ಅಂತಹ ಸಂಸಾರವನ್ನು ತೂಗಿಸಿದ ಗೃಹಿಣಿಯ ಕಷ್ಟ ಯಾವ ದಾಖಲೆಯ ಪುಸ್ತಕದಲ್ಲಿಯೂ ಬರೆದಿಲ್ಲ. 1940ರ ದಶಕದಲ್ಲಿ ಆ ದಾಂಪತ್ಯ ಮುರಿಯಿತು. ಆಮೇಲೆ ಮನ್ರೋ ನೌಕರಿಯನ್ನೂ ಬಿಟ್ಟು, ಕೊಟ್ಟಿಗೆಯಲ್ಲೇ ಹಾಸಿಗೆ ಹಾಕಿದ. ಆತನ ಸಾಧನೆಯನ್ನು ಹೊಗಳುವವರು ಈ ಲೆಕ್ಕವನ್ನು ಮರೆಯಬಾರದು. ಒಡೆದ ಪಿಸ್ಟನ್ನನ್ನು ಮತ್ತೆ ಎರಕ ಹೊಯ್ಯಬಹುದು. ಎಲ್ಲ ಒಡಕುಗಳೂ ಹಾಗಲ್ಲ.

ಇನ್ವರ್‌ಕಾರ್ಗಿಲಿನ ಪಕ್ಕದಲ್ಲೇ ಓರೆಟಿ ಎಂಬ ಉದ್ದವಾದ ಸಮುದ್ರತೀರವಿದೆ. ಅದರ ಗಟ್ಟಿ ಮರಳೇ ಮನ್ರೋನ ಪರೀಕ್ಷಾಮಂದಿರ. 1938ರಲ್ಲಿ ಆತ ನ್ಯೂಜೀಲೆಂಡಿನಲ್ಲಿ ತನ್ನ ಮೊದಲ ವೇಗದ ದಾಖಲೆಯನ್ನು ಸ್ಥಾಪಿಸಿದ. ಅದರ ಹಿಂದೆಯೇ ಇನ್ನೂ ಏಳು ಬಂದುವು. 1957ರ ಹೊತ್ತಿಗೆ ಆ ತೀರದ ಮೇಲೆ ಗಂಟೆಗೆ 131 ಮೈಲಿಯನ್ನು ದಾಟಿದ್ದ. ಮುಂದೆ ಅಡ್ಡಬಂದದ್ದು ಎಂಜಿನಲ್ಲ, ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಎಂಟು ಪಟ್ಟು ಶಕ್ತಿ ಬೇಕು. 55 ಮೈಲಿಯ ವಾಹನ 184 ಮೈಲಿ ಓಡಬೇಕಾದರೆ, ಆಕಾರ ಹಾಗೆಯೇ ಇದ್ದಲ್ಲಿ, ಸುಮಾರು 37 ಪಟ್ಟು ಶಕ್ತಿ ಬೇಕಾದೀತು. ಯಾವ ಟ್ರಾಕ್ಟರಿನ ಉಕ್ಕೂ ಅಷ್ಟನ್ನು ಕೊಡಲಾರದು. ಆದುದರಿಂದ ಆತ ವಾಹನದ ಸುತ್ತ ಮೀನಿನ ಮೈಯಂತೆ ನುಣುಪಾದ ಕವಚವನ್ನು ಕಟ್ಟಿ, ಅದರೊಳಗೆ ಮೈಚಾಚಿ ಮಲಗಿ ಓಡಿಸುವುದನ್ನು ಕಲಿತ. ಆ ಕವಚವೂ ಮನೆಯಲ್ಲಿ ಮಾಡಿದ್ದೇ.

ಅಷ್ಟು ವೇಗಕ್ಕೆ ಓರೆಟಿಯ ಮರಳು ಸಾಲದು. ಅದಕ್ಕೆ ತಕ್ಕ ಬಯಲು ಪೆಸಿಫಿಕ್ ಸಾಗರದಾಚೆ, ಅಮೆರಿಕದ ಯೂಟಾ ಪ್ರಾಂತದಲ್ಲಿತ್ತು. ಪುರಾತನ ಕಾಲದ ದೊಡ್ಡ ಸರೋವರವೊಂದು ಬತ್ತಿ ಉಳಿಸಿಹೋದ ಬಾನ್‌ವಿಲ್ ಉಪ್ಪಿನ ಬಯಲು ಅದು. ಚಳಿಗಾಲದಲ್ಲಿ ನೀರು ನಿಂತು, ಬೇಸಗೆಯಲ್ಲಿ ಆರಿ, ಕಣ್ಣು ಹಾಯುವಷ್ಟು ದೂರ ಬಿಳಿಯ ನೆಲ ಚಪ್ಪಟೆಯಾಗುತ್ತದೆ.

ಅಲ್ಲಿ ಮನ್ರೋನಂತಹವರ ಒಂದು ಬಳಗವೇ ನೆರೆಯುತ್ತಿತ್ತು. ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರವರೆಗೆ ‘ಮಾಡೆಲ್ ಟಿ’ ಕಾರುಗಳನ್ನು ಒಂದೂವರೆ ಕೋಟಿಗೆ ಮೀರಿ ತಯಾರಿಸಿತ್ತು. 1932ರಲ್ಲಿ ಅದೇ ಕಂಪನಿ ಅಗ್ಗದ ಕಾರಿಗೂ ಎಂಟು ಸಿಲಿಂಡರುಗಳ ಎಂಜಿನನ್ನು ಕೊಟ್ಟಿತು. ಇವು ಹಳೆಯವಾಗಿ ಕಡಮೆ ಬೆಲೆಗೆ ಸಿಗತೊಡಗಿದಾಗ, ಕ್ಯಾಲಿಫೋರ್ನಿಯಾದ ಹುಡುಗರು ಮನೆಯ ಹಿತ್ತಿಲಲ್ಲಿ ಅವನ್ನು ಬಿಚ್ಚಿ ಕುಳಿತರು. ಮಡ್‌ಗಾರ್ಡು ಕಳಚಿದರು, ಛಾವಣಿಯನ್ನು ಕೊಯ್ದು ತಗ್ಗಿಸಿದರು, ಎಂಜಿನನ್ನು ಹಿಗ್ಗಿಸಿದರು. ‘ಹಾಟ್ ರಾಡ್’ ಎಂಬ ಹೆಸರಿನಿಂದ ಈ ಕಾರುಗಳು ಪ್ರಸಿದ್ಧವಾದುವು. ಯುದ್ಧಾನಂತರ, 1946ರಲ್ಲಿ, ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದಿಂದ ಕಳಚಿ ಬೀಳಿಸುವ ಪೆಟ್ರೋಲ್ ತೊಟ್ಟಿಯನ್ನೇ ಕಾರಿನ ಮೈಯಾಗಿಸಿ ಓಡಿಸಿದ.

ಪೇಟೆಯ ಬೀದಿಗಳಲ್ಲಿ ಪಂದ್ಯವಾಡಿದ ಕೆಲವರಿಂದ ಈ ಹುಡುಗರಿಗೆಲ್ಲ ಕೆಟ್ಟ ಹೆಸರು ಬಂದಿತ್ತು. ಅದನ್ನು ತೊಡೆಯಲು ಯತ್ನಿಸಿದವರೂ ಅವರಲ್ಲಿನ ವಿವೇಕಿಗಳೇ. 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕ್ಲಬ್ಬುಗಳು ಒಂದು ಸಂಘವನ್ನು ಕಟ್ಟಿ, ಒಣಗಿದ ಕೆರೆಯ ಬಯಲುಗಳಲ್ಲಿ ನಿಯಮಬದ್ಧವಾಗಿ ವೇಗವನ್ನು ಅಳೆಯತೊಡಗಿದುವು. 1949ರಿಂದ ಬಾನ್‌ವಿಲ್ಲಿನಲ್ಲಿಯೂ ‘ವೇಗದ ವಾರ’ ನಡೆಯಲಾರಂಭಿಸಿತು. ವೇಗದ ಹುಚ್ಚಿಗೂ ಒಂದು ಕಟ್ಟು, ಒಂದು ಸ್ಥಳ ಬೇಕೆಂಬ ಅವರ ತಿಳಿವಳಿಕೆ ಸ್ಕೂಟರಿನ ಹ್ಯಾಂಡಲ್ ಹಿಡಿದ ಎಲ್ಲ ತರುಣರಿಗೂ ಹೇಳತಕ್ಕ ಮಾತು.

ಅಂತಹ ಬಯಲಿಗೆ 1962ರಲ್ಲಿ ಮನ್ರೋ ತನ್ನ 42 ವರ್ಷದ ಮೋಟಾರ್ ಸೈಕಲ್ಲಿನೊಡನೆ ಬಂದಿಳಿದ. ಆತನಿಗೆ ಆಗ 63 ವಯಸ್ಸು. ಹೃದಯದ ನೋವು ಆಗಲೇ ಕಾಣಿಸಿಕೊಂಡಿತ್ತು. ಎರಡು ದಿಕ್ಕುಗಳಲ್ಲಿಯೂ ಓಡಿ, ಸರಾಸರಿ ತೆಗೆಯಬೇಕೆಂಬುದು ಅಲ್ಲಿಯ ನಿಯಮ. ಬೆನ್ನಗಾಳಿಯ ಲಾಭ ಯಾರಿಗೂ ಸಲ್ಲದು. ಆ ವರ್ಷ ಆತ ಗಂಟೆಗೆ ಸುಮಾರು 179 ಮೈಲಿ ಓಡಿಸಿ ತನ್ನ ವರ್ಗದಲ್ಲಿ ವಿಶ್ವದಾಖಲೆ ಸ್ಥಾಪಿಸಿದ. 1966ರಲ್ಲಿ, ಎಂಜಿನಿನ ಗಾತ್ರ ಬೆಳೆದುದರಿಂದ 1000 ಸಿ.ಸಿ. ವರ್ಗದಲ್ಲಿ, 168 ಮೈಲಿಯ ಇನ್ನೊಂದು ದಾಖಲೆ. ಮರುವರ್ಷ ಅದೇ ವರ್ಗದಲ್ಲಿ 183 ಮೈಲಿಗೂ ಮಿಕ್ಕ ಮೂರನೆಯದು. ಆಗ ಆತನಿಗೆ 68 ತುಂಬಿತ್ತು.

ಆ 1967ರ ಒಂದು ಓಟದಲ್ಲಿ ಅರ್ಧದಾರಿ ದಾಟುತ್ತಿದ್ದಂತೆಯೇ ವಾಹನ ಓಲಾಡತೊಡಗಿತು. ವೇಗ ತಗ್ಗಿಸಲೆಂದು ಮನ್ರೋ ಕವಚದಿಂದ ಮೇಲೆದ್ದು ಕುಳಿತ. ಗಾಳಿಯ ಹೊಡೆತಕ್ಕೆ ಕನ್ನಡಕ ಕಿತ್ತುಹೋಯಿತು, ಕಣ್ಣು ಕತ್ತಲೆಗಟ್ಟಿತು. ಉಪ್ಪಿನ ಮೇಲೆ ಎಳೆದಿದ್ದ ಕಪ್ಪುಗೆರೆಯಿಂದ ಬಹುದೂರ ಸರಿದು, ಉಕ್ಕಿನ ಗೂಟವೊಂದನ್ನು ಅಂಗುಲಗಳ ಅಂತರದಲ್ಲಿ ತಪ್ಪಿಸಿಕೊಂಡ. ಕೊನೆಗೆ ತಾನಾಗಿಯೇ ವಾಹನವನ್ನು ನೆಲಕ್ಕೆ ಮಲಗಿಸಿದ. ಅಲ್ಲಲ್ಲಿ ತರಚಿದ ಗಾಯಗಳಾದುವು, ಜೀವ ಉಳಿಯಿತು.

1977ರಲ್ಲಿ ಪಾರ್ಶ್ವವಾಯು ಬಡಿದು ಕೈಕಾಲುಗಳ ಹಿಡಿತ ತಪ್ಪಿತು. ತನ್ನ ವಾಹನಗಳು ಊರು ಬಿಟ್ಟುಹೋಗಬಾರದೆಂದು ಮನ್ರೋ ಅವನ್ನು ಸ್ಥಳೀಯ ವರ್ತಕನೊಬ್ಬನಿಗೆ ಮಾರಿ, 1978ರ ಜನವರಿ 6ರಂದು ಕಣ್ಮುಚ್ಚಿದ. ಇನ್ವರ್‌ಕಾರ್ಗಿಲಿನ ಹೇಯ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯಲ್ಲಿ, ಮೊಳೆ ಸುತ್ತಿಗೆಗಳ ನಡುವೆ, ಆ ಇಂಡಿಯನ್ನು ಜನರ ನೋಟಕ್ಕೆ ನಿಂತಿತು. ಉಪಕರಣ ಕೊಳ್ಳಲು ಬಂದವರೇ ಅದರ ದರ್ಶನಾರ್ಥಿಗಳು; ಆತನಿಗೆ ಇದಕ್ಕಿಂತ ತಕ್ಕ ಗುಡಿ ಸಿಕ್ಕುತ್ತಿರಲಿಲ್ಲ. 2005ರಲ್ಲಿ ಆತನ ಕಥೆ ಚಲನಚಿತ್ರವಾಗಿ ಲೋಕಕ್ಕೆಲ್ಲ ತಿಳಿಯಿತು. ಮನ್ರೋನ ಪಾತ್ರವನ್ನು ವಹಿಸಿದವರು ಆಂಟನಿ ಹಾಪ್ಕಿನ್ಸ್.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಆತನ ಮಗ ಜಾನ್ ಮನ್ರೋ 1967ರ ಲೆಕ್ಕವನ್ನು ನೋಡುತ್ತಿರುವಾಗ ಸರಾಸರಿಯಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು. ಅಮೆರಿಕದ ಮೋಟಾರ್ ಸೈಕಲ್ ಸಂಘ 2014ರಲ್ಲಿ ತಪ್ಪನ್ನು ಒಪ್ಪಿ, ದಾಖಲೆಯನ್ನು 184.087 ಮೈಲಿ, ಎಂದರೆ ಗಂಟೆಗೆ 296 ಕಿಲೋಮೀಟರಿಗೂ ಅಧಿಕ, ಎಂದು ತಿದ್ದಿತು. ಸತ್ತು 36 ವರ್ಷಗಳಾದ ಮೇಲೆ ಮನ್ರೋನ ವೇಗ ಅರ್ಧ ಮೈಲಿಯಷ್ಟು ಹೆಚ್ಚಿತು! ಅಪ್ಪನ ಕೊಟ್ಟಿಗೆಯ ಗೀಳಿನಿಂದ ಮನೆಯಲ್ಲಿ ಏನನ್ನೋ ಕಳೆದುಕೊಂಡಿದ್ದ ಮಕ್ಕಳಲ್ಲಿ ಒಬ್ಬನೇ ಅಪ್ಪನಿಗೆ ಅದನ್ನು ದೊರಕಿಸಿಕೊಟ್ಟ.

ರಜೆಯ ದಿನ ಅಂಗಳದಲ್ಲಿ ಹಳೆಯ ಸ್ಕೂಟರನ್ನು ಬಿಚ್ಚಿ ಹರಡಿ ಕುಳಿತ ಮಗನನ್ನು ಕಂಡು, ‘ಇದ್ದದ್ದನ್ನೂ ಹಾಳುಮಾಡಿದೆ’ ಎಂದು ಗದರುವುದು ಹಿರಿಯರಿಗೆ ಸುಲಭ. ಹಾಳಾದದ್ದು ಏಕೆ ಹಾಳಾಯಿತೆಂದು ಕೇಳುವುದು ಸ್ವಲ್ಪ ಕಷ್ಟ. ಕೇಳಿದರೆ ಆ ಒಡೆದ ತುಂಡು ಕಸವಾಗದೆ ಪಾಠವಾದೀತು. ಊಟದ ಹೊತ್ತಿಗೆ ಹುಡುಗ ಕೈತೊಳೆದು ಒಳಗೆ ಬಂದು ಮನೆಯವರೊಡನೆಯೂ ಕೂತಾನು. ದೇವರ ಮುಂದಿಟ್ಟ ನೈವೇದ್ಯ ಪ್ರಸಾದವಾಗಿ ಮನೆಮಂದಿಗೆಲ್ಲ ಹಂಚಿಕೆಯಾಗುವುದು ಸಂಪ್ರದಾಯ. ವೇಗದೇವತೆಯ ನೈವೇದ್ಯಕ್ಕೂ ಅದೇ ನಿಯಮವಿದ್ದರೆ ಒಳಿತು.