ಕುಸಿದ ಕಣಿವೆಯಲ್ಲಿ ಬೆನ್ನುಚೀಲದ ಅತಿಥಿ

2015ರ ಏಪ್ರಿಲ್ 25, ಶನಿವಾರ. ನಡುಹಗಲಿಗೆ ಕೆಲವೇ ನಿಮಿಷಗಳಿರುವಾಗ ನೇಪಾಳದ ನೆಲ ನಡುಗಿತು. 7.8 ತೀವ್ರತೆಯ ಆ ಭೂಕಂಪಕ್ಕೆ ಸುಮಾರು 9,000 ಜನ ಬಲಿಯಾದರು. ಕಠ್ಮಂಡುವಿನ ಉತ್ತರಕ್ಕೆ, ಟಿಬೆಟಿನ ಗಡಿಗೆ ಆತುಕೊಂಡಿರುವ ಲಾಂಗ್‌ಟಾಂಗ್ ಕಣಿವೆಗೆ ಆ ದಿನ ನೆಲದ ನಡುಕಕ್ಕಿಂತ ದೊಡ್ಡ ಆಪತ್ತು ಮೇಲಿನಿಂದ ಬಂತು. 7,200 ಮೀಟರಿಗೂ ಎತ್ತರದ ಲಾಂಗ್‌ಟಾಂಗ್ ಲಿರುಂಗ್ ಶಿಖರದ ಇಳಿಜಾರಿನಿಂದ ಹಿಮ, ಮಂಜುಗಡ್ಡೆ, ಬಂಡೆಗಳ ರಾಶಿ ಕಳಚಿ ಬಿದ್ದು ಲಾಂಗ್‌ಟಾಂಗ್ ಎಂಬ ಊರನ್ನೇ ಹೂತುಹಾಕಿತು. ಅದರ ಮುಂದೆ ನುಗ್ಗಿದ ಗಾಳಿಯ ಹೊಡೆತಕ್ಕೆ ಎದುರು ದಡದ ಮರಗಳು ನೆಲಕ್ಕೊರಗಿದವು. ಬಂಡೆಯ ಮರೆಯಲ್ಲಿದ್ದ ಒಂದು ಮನೆಯ ಹೊರತು ಆ ಊರಿನಲ್ಲಿ ಏನೂ ಉಳಿಯಲಿಲ್ಲ. ಅಲ್ಲಿ ಮಡಿದವರು 300ಕ್ಕೂ ಹೆಚ್ಚು: ಊರವರು, ಹೊರೆಯಾಳುಗಳು, ದಾರಿ ತೋರುವವರು, ಹಲವು ದೇಶಗಳಿಂದ ಬೆನ್ನುಚೀಲ ಹೊತ್ತು ಬಂದಿದ್ದ ಚಾರಣಿಗರು. ಅತಿಥಿಗಳೂ ಆತಿಥೇಯರೂ ಒಂದೇ ರಾಶಿಯ ಅಡಿ ಸೇರಿದರು.

ಬದುಕಿ ಉಳಿದವರನ್ನು ಹೆಲಿಕಾಪ್ಟರುಗಳಲ್ಲಿ ಕಠ್ಮಂಡುವಿಗೆ ಸಾಗಿಸಲಾಯಿತು. ಸ್ವಯಂಭೂ ಬಳಿಯ ಬೌದ್ಧ ಮಠವೊಂದರ ಆವರಣದಲ್ಲಿ ಅವರು ತಿಂಗಳುಗಟ್ಟಲೆ ಡೇರೆಗಳಲ್ಲಿ ಕಾಲ ಕಳೆದರು. ಆಮೇಲೆ ಹಿಂತಿರುಗಿ ಹಾದಿ ಕಡಿದರು, ಮನೆ ಕಟ್ಟತೊಡಗಿದರು. ಅವರ ಬೆನ್ನಿಗೇ ಚಾರಣಿಗರೂ ಬಂದರು. ಸ್ಯಾಬ್ರುಬೇಸಿಯಲ್ಲಿ ಬಸ್ಸಿಳಿದು, ಬಿದಿರು ಮೆಳೆ ಮತ್ತು ಓಕ್ ಮರಗಳ ಕಾಡು ಹಾದು, ಎರಡು ಮೂರು ದಿನ ಏರಿ ಕ್ಯಾಂಜಿನ್ ಗೊಂಪಾ ತಲುಪುವ ಹಾದಿ ಈಗ ಆ ಅವಶೇಷ ರಾಶಿಯ ಮೇಲೆಯೇ ಸಾಗುತ್ತದೆ. ಹಳೆಯ ಊರಿನ ಮೇಲೆ ಕಾಲಿಡದೆ ಹೊಸ ಊರಿಗೆ ಹೋಗಲು ಆಗದು.

ಇಂಥ ಜಾಗಕ್ಕೆ ಮೋಜಿಗಾಗಿ ನಡೆದು ಹೋಗುವುದು ಸರಿಯೇ ಎಂಬ ಪ್ರಶ್ನೆ ಯಾರಿಗಾದರೂ ಏಳಬೇಕು. ಏಳದಿದ್ದರೆ ಅಂಥವರು ಹೋಗದಿರುವುದೇ ಲೇಸು. ಆದರೆ ಸಂಕೋಚಪಟ್ಟು ದೂರ ಉಳಿಯುವವರಿಂದ ಆ ಕಣಿವೆಗೆ ಉಪಕಾರವಾಗಿಲ್ಲ ಎಂಬುದನ್ನೂ ಹೇಳಬೇಕಾಗಿದೆ. 2014ರಲ್ಲಿ 7.9 ಲಕ್ಷವಿದ್ದ ನೇಪಾಳದ ವಿದೇಶಿ ಪ್ರವಾಸಿಗರ ಸಂಖ್ಯೆ 2015ರಲ್ಲಿ 5.4 ಲಕ್ಷಕ್ಕೆ ಕುಸಿಯಿತು. ದೇಶದ ಬಹುಭಾಗ ನಡೆಯಲು ಯೋಗ್ಯವಾಗಿಯೇ ಇದ್ದರೂ ಇಡೀ ನೇಪಾಳಕ್ಕೆ ‘ಕುಸಿದ ದೇಶ’ ಎಂಬ ಹಣೆಪಟ್ಟಿ ಬಿತ್ತು. ಮನೆ ಕಳೆದುಕೊಂಡ ಕುಟುಂಬಗಳಿಗೆ ಸರ್ಕಾರ ಕಂತುಗಳಲ್ಲಿ ಕೊಟ್ಟ ಮೂರು ಲಕ್ಷ ನೇಪಾಳಿ ರೂಪಾಯಿ ವಾಸದ ಮನೆಗಾಗಿ ಇದ್ದುದು. ಅನ್ನ ಕೊಡುತ್ತಿದ್ದ ವಸತಿಗೃಹವನ್ನು ಎಬ್ಬಿಸಲು ಸಾಲವೇ ಗತಿ. ರಸ್ತೆಯಿಲ್ಲದ ಕಣಿವೆಗೆ ತಗಡು, ಸಿಮೆಂಟು, ಕಬ್ಬಿಣವೆಲ್ಲ ಹೇಸರಗತ್ತೆಯ ಬೆನ್ನ ಮೇಲೋ ಹೆಲಿಕಾಪ್ಟರಿನಲ್ಲೋ ಬರಬೇಕು. ಸಾಗಣೆಯ ಖರ್ಚೇ ಸಾಲವನ್ನು ಉಬ್ಬಿಸುತ್ತದೆ. ಆ ಸಾಲ ತೀರುವ ಮೊದಲೇ 2020ರ ಕೋವಿಡ್ ಬಂತು. ಹಿಂದಿನ ವರ್ಷ ಹನ್ನೆರಡು ಲಕ್ಷದ ಹತ್ತಿರವಿದ್ದ ಪ್ರವಾಸಿಗರ ಸಂಖ್ಯೆ 2.3 ಲಕ್ಷಕ್ಕೆ ಇಳಿಯಿತು.

ಆದುದರಿಂದ ಹೋಗುವವನು ಅಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದೇ ಮುಖ್ಯ. ನೇಪಾಳದ ಚಾರಣ ಹಾದಿಗಳ ವಸತಿಗೃಹಗಳಲ್ಲಿ ಒಂದು ರೂಢಿಯಿದೆ. ಮಲಗುವ ಕೋಣೆಗೆ ಬಾಡಿಗೆ ಅತ್ಯಲ್ಪ. ಮನೆಯವರ ಸಂಪಾದನೆ ಇರುವುದು ಅಡುಗೆಮನೆಯಲ್ಲಿ, ರಾತ್ರಿಯ ದಾಲ್ ಭಾತ್ ಮತ್ತು ಬೆಳಗಿನ ಚಹಾದಲ್ಲಿ. ಕೋಣೆಗೆ ಚೌಕಾಸಿ ಮಾಡಿ, ಚೀಲದಲ್ಲಿ ತಂದ ನೂಡಲ್ಸ್ ಪೊಟ್ಟಣಕ್ಕೆ ಬಿಸಿನೀರು ಕೇಳುವ ಚಾರಣಿಗ ಆ ಮನೆಯ ಒಲೆಗೆ ನಷ್ಟ ತರುತ್ತಾನೆ. ಊರಿಗೆ ಮರಳಿದ ಮೇಲೆ ಅವನ ಪಾಲಿಗೆ ಉಳಿಸಿದ ನೂರಿನ್ನೂರು ರೂಪಾಯಿ ಸಾಹಸದ ಕಥೆಯಾಗುತ್ತದೆ. ಸಾಲ ಹೊತ್ತ ಮನೆಯೊಡತಿಗೆ ಅದು ಕಂತಿನ ಒಂದು ತುಣುಕು. ಕಡಿಮೆ ಖರ್ಚಿನಲ್ಲಿ ಲೋಕ ಸುತ್ತುವುದು ಹೆಮ್ಮೆಯ ಸಂಗತಿಯೇ ಇರಬಹುದು, ಆದರೆ ಆ ಹೆಮ್ಮೆಯ ಬೆಲೆಯನ್ನು ಮನೆ ಕಳೆದುಕೊಂಡವರು ತೆರಬೇಕೆನ್ನುವುದು ಯಾವ ನ್ಯಾಯ?

ಅವಶೇಷ ರಾಶಿಯ ಬಳಿ ಮಡಿದವರ ಹೆಸರು ಕೆತ್ತಿದ ಸ್ಮಾರಕದ ಗೋಡೆಯಿದೆ. ಅದರ ಮುಂದೆ ಕ್ಯಾಮೆರಾ ಹಿಡಿದು ನಗುವವರೂ ಬರುತ್ತಾರೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದಾಗ, ದುರಂತವನ್ನು ನೋಡಲೆಂದು ಬರಬೇಡಿ ಎಂದು ಕೇರಳದ ಪೊಲೀಸರೇ ಜನರನ್ನು ಕೋರಬೇಕಾಯಿತು. ರಕ್ಷಣೆಯ ವಾಹನಗಳಿಗೆ ದಾರಿ ಬೇಕಾದ ದಿನ ಪ್ರೇಕ್ಷಕರಿಗೆ ಅಲ್ಲಿ ಸ್ಥಳವಿಲ್ಲ. ಕಾಲ ಕಳೆದು, ಊರವರು ಬಾಗಿಲು ತೆರೆದ ದಿನದ ಮಾತು ಬೇರೆ. ಆ ವ್ಯತ್ಯಾಸವನ್ನು ತೀರ್ಮಾನಿಸುವ ಹಕ್ಕು ಊರವರದು.

ನೆಲದ ಮಾತನ್ನೂ ಕೇಳಬೇಕು. 2015ರ ಭೂಕಂಪದಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಗುಡ್ಡ ಕುಸಿತಗಳಾದುದನ್ನು ವಿಜ್ಞಾನಿಗಳು ಉಪಗ್ರಹ ಚಿತ್ರಗಳ ನೆರವಿನಿಂದ ಗುರುತಿಸಿದರು. ಹಾಗೆ ಸಡಿಲಗೊಂಡ ಇಳಿಜಾರು ಒಂದೇ ವರ್ಷದಲ್ಲಿ ಗಟ್ಟಿಯಾಗುವುದಿಲ್ಲ. ಮುಂದಿನ ಮಳೆಗಾಲಗಳಲ್ಲೂ ಜಾರುತ್ತಲೇ ಇರುತ್ತದೆ. ಯಾವ ತಿರುವಿನಲ್ಲಿ ಕಲ್ಲು ಉದುರುತ್ತದೆ, ಯಾವ ತೊರೆಯನ್ನು ಬೆಳಿಗ್ಗೆಯೇ ದಾಟಬೇಕು ಎಂಬುದು ಭೂಪಟದಲ್ಲಿರದು, ಅಲ್ಲಿಯವರಿಗೆ ಗೊತ್ತಿರುತ್ತದೆ. ಒಬ್ಬಂಟಿ ವಿದೇಶಿ ಚಾರಣಿಗರಿಗೆ ಮಾರ್ಗದರ್ಶಿಯನ್ನು 2023ರಲ್ಲಿ ನೇಪಾಳ ಕಡ್ಡಾಯ ಮಾಡಿದಾಗ, ಸ್ವಾತಂತ್ರ್ಯ ಹೋಯಿತೆಂದು ಗೊಣಗಿದವರು ಇದನ್ನು ಯೋಚಿಸಿದಂತಿಲ್ಲ.

ಇನ್ನೊಂದು ಆತಂಕ ಆತಿಥೇಯರ ಕಡೆಯದು. ಕ್ಯಾಂಜಿನ್ ಗೊಂಪಾದಲ್ಲಿ ಈಗ ಹಲವು ಅಂತಸ್ತಿನ ಕಟ್ಟಡಗಳೆದ್ದಿವೆ. ಅತಿಥಿ ಬರುವನೆಂಬ ನಂಬಿಕೆಯ ಮೇಲೆ ಸಾಲ, ಸಾಲ ತೀರಿಸಲು ಇನ್ನಷ್ಟು ಕೋಣೆ, ಕೋಣೆ ತುಂಬಲು ಇನ್ನಷ್ಟು ಅತಿಥಿ. ಈ ಸುಳಿ ಮಲೆನಾಡಿಗರಿಗೆ ಅಪರಿಚಿತವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು ಕಡೆಗಳಲ್ಲಿ ಗುಡ್ಡಗಳು ಜಾರಿದಾಗ, ಭಾರಿ ಮಳೆಯ ಜೊತೆಗೆ ರಸ್ತೆ, ಮನೆ, ತೋಟಗಳಿಗಾಗಿ ಇಳಿಜಾರನ್ನು ಕಡಿದುದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಕೆಲವು ವಾರ ಜಿಲ್ಲೆಗೆ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಲಾಯಿತು. ಕುಸಿತ ಕಾಣದ ಊರಿನ ಹೋಂಸ್ಟೇಗಳೂ, ಜೀಪು ಓಡಿಸುವವರೂ ಬರಿಗೈಯಾದರು. ನಿರ್ಬಂಧ ತೆರವಾದ ಮೇಲೆ ವಾಹನಗಳು ಮತ್ತೆ ಸಾಲುಗಟ್ಟಿದವು. ನೋಟ ಚೆನ್ನಾಗಿರುವ ಕಡಿದ ಧರೆಯ ಅಂಚಿಗೇ ಕೋಣೆಗಳು ಏಳಬೇಕೆಂಬ ಬೇಡಿಕೆ ಮಾತ್ರ ಹಳೆಯದೇ.

ಅರಣ್ಯ ಇಲಾಖೆಯ ಚಾರಣ ಹಾದಿಗಳಿಗೆ 2024ರಲ್ಲಿ ಆನ್‌ಲೈನ್ ನೋಂದಣಿಯೂ, ಹಾದಿಯೊಂದಕ್ಕೆ ದಿನಕ್ಕೆ 300 ಜನರ ಮಿತಿಯೂ ಬಂದವು. ಒಳ್ಳೆಯದೇ. ಆದರೆ ಹಾದಿಯಲ್ಲಿ ತಲೆಯೆಣಿಸುವ ವ್ಯವಸ್ಥೆ, ಅದೇ ಜನ ರಾತ್ರಿ ಮಲಗುವ ಗುಡ್ಡದ ಬಗ್ಗೆ ಏನನ್ನೂ ಕೇಳುವುದಿಲ್ಲ. ಕೋಣೆಯ ಹಿಂದಿನ ಧರೆ ಎಷ್ಟು ಎತ್ತರವಿದೆ, ಮಳೆನೀರು ಹರಿಯುತ್ತಿದ್ದ ಹಳ್ಳವನ್ನು ಎಲ್ಲಿ ಮುಚ್ಚಲಾಗಿದೆ ಎಂಬುದು ಹೋಂಸ್ಟೇ ಪರವಾನಗಿಗೆ ಮುನ್ನ ಪಂಚಾಯಿತಿಯ ಮುಂದೆ ಬರಲಿ. ಮಳೆಗಾಲ ಹಿಡಿಯುವ ಮೊದಲು ನಡೆಯುವ ಗ್ರಾಮಸಭೆಗಳಲ್ಲಿ ಊರವರು ಇದನ್ನು ಎತ್ತಲಿ. ರಜೆಯಲ್ಲಿ ಚಾರಣಕ್ಕೆ ಹೊರಡುವ ವಿದ್ಯಾರ್ಥಿಗಳು ಕೋಣೆ ಕಾಯ್ದಿರಿಸುವಾಗ ಬಾಡಿಗೆಯ ಜೊತೆಗೆ ಇದನ್ನೂ ವಿಚಾರಿಸಲಿ.