ಇಂಗ್ಲಿಷ್ ಸಂಭಾಷಣೆಯ ಪರೀಕ್ಷೆಯೂ ನಮ್ಮ ಮಕ್ಕಳ ಬೈಸಿಕಲ್ಲೂ

ಕನ್ನಡ ಪಂಡಿತನಾದವನು ಇಂಗ್ಲಿಷ್ ಮಾತಿನ ಪರೀಕ್ಷೆಯನ್ನು ಕುರಿತು ಬರೆಯಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಕಳೆದ ಬೇಸಗೆಯಲ್ಲಿ ನಡೆದ ಒಂದು ಪ್ರಸಂಗವು ಈ ವಿಷಯದಲ್ಲಿ ನನ್ನ ಪಾಲಿನ ಹೊಣೆಯೂ ಉಂಟೆಂಬುದನ್ನು ಮನಗಾಣಿಸಿತು. ಆದುದರಿಂದ ಈ ಸ್ಮರಣ ಸಂಚಿಕೆಯ ವಾಚಕರಲ್ಲಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಶ್ರೀಮಠದ ಈ ವಿದ್ಯಾಶಾಲೆಯಲ್ಲಿ ಓದಿ, ಮುಂದೆ ದಾದಿಯ ಶಿಕ್ಷಣ ಪಡೆದ ಹೆಣ್ಣುಮಗಳೊಬ್ಬಳು ಬ್ರಿಟನ್ನಿಗೆ ಹೋಗುವ ಸಲುವಾಗಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಕುಳಿತಿದ್ದಳು. ಈ ಪರೀಕ್ಷೆಯ ಮೂಲಕ ಅಲ್ಲಿ ನೋಂದಣಿ ಬಯಸುವ ದಾದಿಯರು ಸಂಭಾಷಣೆಯಲ್ಲಿ 9ಕ್ಕೆ 7ರ ಶ್ರೇಣಿಯನ್ನು ಗಳಿಸಬೇಕು. ಅವಳಿಗೆ ದೊರೆತುದು 6. ಚಿಕ್ಕಂದಿನಲ್ಲಿ ನಿನಗೆ ಬೈಸಿಕಲ್ ಇತ್ತೆ, ನಿಮ್ಮ ಊರಿನ ಜನ ಅದನ್ನು ಬಳಸುವರೆ ಎಂದು ಪರೀಕ್ಷಕರು ಕೇಳಿದರಂತೆ. ಬೈಸಿಕಲ್ ಪರಿಸರಕ್ಕೂ ಆರೋಗ್ಯಕ್ಕೂ ಹಿತಕರವೆಂಬ ನಾಲ್ಕು ಬಾಯಿಪಾಠದ ವಾಕ್ಯಗಳನ್ನು ಒಪ್ಪಿಸಿ ಇವಳು ಮೌನವಾದಳಂತೆ. ಸರಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಂತೆ ಎಂಟನೆಯ ತರಗತಿಯಲ್ಲಿ ಸೈಕಲ್ ಪಡೆದು ಮೂರು ವರ್ಷ ತುಳಿದವಳು ಅವಳು. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಗಾಲಿ ತಿರುಗದಾದಾಗ ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡು ಶಾಲೆಗೆ ಬಂದುದನ್ನು ನಾನೇ ಕಂಡಿದ್ದೇನೆ. ಅದರಲ್ಲಿ ಒಂದು ಮಾತೂ ಪರೀಕ್ಷಕರ ಕಿವಿಗೆ ಬೀಳಲಿಲ್ಲ.

"ಇಂಗ್ಲಿಷ್ ಇರಲಿ ತಾಯಿ, ನಿನ್ನ ಸೈಕಲ್ಲಿನ ವಿಷಯವನ್ನು ಕನ್ನಡದಲ್ಲಿ ಎರಡು ನಿಮಿಷ ಹೇಳು" ಎಂದೆ. "ಸೈಕಲ್ಲು ಬಹು ಉಪಯುಕ್ತವಾದ ವಾಹನ. ಅದರಿಂದ ಪರಿಸರ ಮಾಲಿನ್ಯವಾಗುವುದಿಲ್ಲ" ಎಂದು ಹೇಳಿ ಇಲ್ಲಿಯೂ ನಿಂತಳು. ಅವು ಪ್ರಬಂಧದ ಪಾಠದಲ್ಲಿ ನಾನು ಕರಿಹಲಗೆಯ ಮೇಲೆ ಬರೆದು ನಕಲು ಮಾಡಿಸಿದ ವಾಕ್ಯಗಳು! ಇಂಗ್ಲಿಷಿನಲ್ಲಿ ಅವಳು ಸೋತದ್ದಕ್ಕೆ ಕನ್ನಡದ ತರಗತಿಯಲ್ಲಿಯೇ ಬೀಜ ಬಿತ್ತಿದವನು ನಾನು.

ಪರೀಕ್ಷೆಯ ಸ್ವರೂಪವನ್ನು ವಿಚಾರಿಸಿ ತಿಳಿದುಕೊಂಡೆ. ಪರೀಕ್ಷಕರೊಬ್ಬರೊಡನೆ 11ರಿಂದ 14 ನಿಮಿಷಗಳ ಮಾತುಕತೆ; ಮೂರು ಭಾಗಗಳು. ಮೊದಲನೆಯದರಲ್ಲಿ ತನ್ನನ್ನೂ ತನ್ನ ಊರನ್ನೂ ಕುರಿತ ಸರಳ ಪ್ರಶ್ನೆಗಳು. ಎರಡನೆಯದರಲ್ಲಿ ಒಂದು ನಿಮಿಷ ಆಲೋಚಿಸಿ ಒಂದೆರಡು ನಿಮಿಷ ಒಬ್ಬರೇ ಮಾತನಾಡುವುದು. ಮೂರನೆಯದು ವಿಚಾರ ವಿನಿಮಯ. ಅಳೆಯುವುದು ನಾಲ್ಕನ್ನು: ಮಾತಿನ ಓಟ ಮತ್ತು ಸಂಬಂಧ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ತೂಕ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಪೆಡಲ್ ಇಲ್ಲದ ಇಬ್ಬಂಡಿಯನ್ನು ಓಡಿಸಿದನೆಂದೋ, 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದನೆಂದೋ ಒಪ್ಪಿಸಿದ ಮಾತ್ರಕ್ಕೆ ಅಂಕ ಏರುವುದಿಲ್ಲ. ಬಾಯಿಪಾಠದ ಉತ್ತರವಾದರೆ ಪರೀಕ್ಷಕರು ಅದನ್ನು ಬೇಗನೆ ಗುರುತಿಸುತ್ತಾರೆ.

ಹಾಗಾದರೆ ಉತ್ತರವನ್ನು ತಿದ್ದುವ ಬಗೆ ಹೇಗೆ? ಮೊದಲು ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು. ಅನಂತರ ಕಾರಣವೊಂದನ್ನು, ಆಮೇಲೆ ತನ್ನ ಬಾಳಿನ ಒಂದು ನಿದರ್ಶನವನ್ನು ಹೇಳಬೇಕು. "ಹೌದು, ಇತ್ತು, ಶಾಲೆ ದೂರವಾದುದರಿಂದ ಅದು ಬೇಕಾಗಿತ್ತು, ಒಂದು ದಿನ ಹೀಗಾಯಿತು" ಎಂಬಷ್ಟಾದರೂ ಸಾಕು, ಮಾತು ತಾನೇ ಮುಂದುವರಿಯುತ್ತದೆ.

ಶಬ್ದಗಳ ವಿಚಾರ. ಪೆಡಲ್, ಚೈನ್, ಬ್ರೇಕ್, ಸ್ಪೋಕ್, ಪಂಕ್ಚರ್ ಮೊದಲಾದ ನಾಮಪದಗಳು ಹಳ್ಳಿಯ ಮಗುವಿನ ನಾಲಗೆಯ ಮೇಲೆ ಆಗಲೇ ಇವೆ. ಕೊರತೆಯಿರುವುದು ಕ್ರಿಯಾಪದಗಳಲ್ಲಿ. ನಾವು ಸೈಕಲ್ 'ಹೊಡೆಯುತ್ತೇವೆ', 'ತುಳಿಯುತ್ತೇವೆ'; ನಮಗೆ ಸೈಕಲ್ 'ಬರುತ್ತದೆ'. ಇಂಗ್ಲಿಷಿನವರು 'ರೈಡ್' ಮಾಡುತ್ತಾರೆ. ನಮ್ಮ ಚೈನು ಕಳಚಿದರೆ ಅವರದು 'ಕೇಮ್ ಆಫ್'. ದಿಣ್ಣೆಯಲ್ಲಿ ಇಳಿದು ತಳ್ಳಿದುದು 'ಗಾಟ್ ಆಫ್ ಅಂಡ್ ಪುಶ್ಡ್'. 'ದಿನವೂ ತುಳಿಯುತ್ತಿದ್ದೆ' ಎಂಬ ರೂಢಿಯ ಅರ್ಥಕ್ಕೆ 'ಯೂಸ್ಡ್ ಟು ರೈಡ್' ಎನ್ನಬೇಕು. 'ಐ ಆಮ್ ಹ್ಯಾವಿಂಗ್ ಎ ಸೈಕಲ್' ಎಂಬುದನ್ನು ಬಿಟ್ಟು 'ಐ ಹ್ಯಾವ್' ಎನ್ನಬೇಕು. ಉಚ್ಚಾರಣೆಯಲ್ಲಿ 'ಬೈಸೈಕಲ್' ಎಂಬುದು ತಪ್ಪು. 'ಬೈ' ಎಂಬಲ್ಲಿ ಒತ್ತು ಕೊಟ್ಟು, 'ಸಿ'ಯನ್ನು ಹ್ರಸ್ವವಾಗಿಸಿ 'ಬೈಸಿಕಲ್' ಎನ್ನಬೇಕು. ಪದಾಂತ್ಯದಲ್ಲಿ ಸ್ವರ ಸೇರಿಸಿ 'ಬ್ರೇಕು', 'ಸೈಕಲ್ಲು' ಎನ್ನುವುದು ಕನ್ನಡಕ್ಕೆ ಸಹಜ, ಇಂಗ್ಲಿಷಿಗೆ ಸಲ್ಲದು. ಎರಡು ಭಾಷೆಗಳ ಈ ಅಂತರವನ್ನು ತೋರಿಸಿಕೊಡಲು ಕನ್ನಡ ವ್ಯಾಕರಣ ಬಲ್ಲವನೂ ನೆರವಾಗಬಲ್ಲನು.

ಮೂರನೆಯ ಭಾಗದಲ್ಲಿ ನಗರಗಳಲ್ಲಿ ಸೈಕಲ್ ಬಳಕೆ ಹೆಚ್ಚುವುದೆ ಎಂಬಂಥ ಪ್ರಶ್ನೆ ಬಂದರೂ ಇದೇ ದಾರಿ. 2017ರಲ್ಲಿ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬೈಸಿಕಲ್ ವ್ಯವಸ್ಥೆ ಆರಂಭವಾಯಿತು. ಅಂಥದೊಂದನ್ನು ಉದಾಹರಿಸಿ, ತನ್ನ ಊರಿನಲ್ಲಿ ಮೋಟಾರು ಬೈಕು ಬಂದ ಮೇಲೆ ಆದುದನ್ನು ಅದರೊಡನೆ ಹೋಲಿಸಿದರೆ ವಿಚಾರಕ್ಕೆ ಆಧಾರ ದೊರೆಯುತ್ತದೆ.

ಒಂದನೆಯ ತರಗತಿಯಿಂದಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಸಿದ್ದರೆ ಈ ತೊಡಕೇ ಇರುತ್ತಿರಲಿಲ್ಲವೆಂದು ಪಾಲಕರು ವಾದಿಸಬಹುದು. ಅವರ ಕಳವಳವನ್ನು ನಾನು ಅಲ್ಲಗಳೆಯುವುದಿಲ್ಲ. ಹೊಲ ನಂಬಿದ ಕುಟುಂಬಕ್ಕೆ ಮತ್ತೊಮ್ಮೆ ಪರೀಕ್ಷಾ ಶುಲ್ಕ ಕಟ್ಟುವುದು ಹಗುರವಲ್ಲ. ಆದರೆ ಕಂಡುಂಡದ್ದನ್ನು ತಾಯ್ನುಡಿಯಲ್ಲಿಯೇ ಹೇಳಲು ಕಲಿಯದ ಮಗು, ಮಾಧ್ಯಮ ಬದಲಾದ ಮಾತ್ರಕ್ಕೆ ಹೇಳಬಲ್ಲುದೆ? ಬಾಯಿಪಾಠವು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೆ. 12ನೆಯ ಶತಮಾನದ ಶರಣರು ತಮ್ಮ ತಮ್ಮ ಕಾಯಕದ ಮಾತಿನಲ್ಲಿಯೇ ಅನುಭಾವವನ್ನು ನುಡಿದರು. ಅಂಬಿಗರ ಚೌಡಯ್ಯನವರಿಗೆ ದೋಣಿ ಹುಟ್ಟುಗಳೇ ನುಡಿಗಟ್ಟಾದವು. ಅವರ ಜಯಂತಿಯನ್ನು ಆಚರಿಸುವ ನಾವು ಮಕ್ಕಳಿಗೆ ಎರವಲು ವಾಕ್ಯಗಳನ್ನು ಬರೆಸುತ್ತಿರುವುದು ಸರಿಯೆ?

ಆದುದರಿಂದ ನನ್ನ ಸೂಚನೆ ಇಷ್ಟೆ. ವಾರಕ್ಕೊಂದು ಕನ್ನಡದ ಅವಧಿಯಲ್ಲಿ ಪುಸ್ತಕವನ್ನು ಮುಚ್ಚಿಸಿ, ಮಕ್ಕಳು ಸರದಿಯಂತೆ ತಾವು ಬಲ್ಲ ವಸ್ತುವೊಂದನ್ನು ಕುರಿತು ಎರಡು ನಿಮಿಷ ಮಾತನಾಡಲಿ. ಮರುದಿನ ಇಂಗ್ಲಿಷಿನ ಅವಧಿಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಲಿ. ತಪ್ಪಿದರೆ ನಗಬಾರದು, ಮುಗಿದ ಮೇಲೆ ತಿದ್ದಬೇಕು. ನನ್ನ ತರಗತಿಯಲ್ಲಿ ಈ ವರ್ಷ ಇದನ್ನು ಆರಂಭಿಸಿದ್ದೇನೆ.

ಆ ಹೆಣ್ಣುಮಗಳು ಮತ್ತೆ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ಮೊನ್ನೆ ಬಂದವಳು ಎರೆಮಣ್ಣಿನ ಪ್ರಸಂಗವನ್ನು ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ ಎರಡು ನಿಮಿಷ ತಡವರಿಸದೆ ಹೇಳಿದಳು. ಇಂಗ್ಲಿಷ್ ಅಧ್ಯಾಪಕರು ಮೂರು ತಪ್ಪುಗಳನ್ನು ಗುರುತು ಹಾಕಿಕೊಟ್ಟರು. ನನ್ನ ತಪ್ಪನ್ನು ನಾನು ಇಲ್ಲಿ ಬರೆದುಕೊಂಡಿದ್ದೇನೆ. ಇಬ್ಬರಿಗೂ ತಿದ್ದಿಕೊಳ್ಳುವ ಬುದ್ಧಿಯನ್ನು ಶ್ರೀಗುರುವು ಕರುಣಿಸಲಿ.